ಇಲಿಯ ತಲೆಯೊಳಗೆ ಅರಿಶಿನ

ಅಂದು ಪರದೆಯ ಮೇಲೆ ಹೊಳೆದದ್ದು ಇಲಿಯ ಮಿದುಳಲ್ಲ, ಗೌರಿ ಹಾಕಿದ ಅರಿಶಿನ. ನಡೆದದ್ದು ಇಷ್ಟೇ. ದೇವಿಯ ಮಹಿಮೆ ಅಂದವರಿದ್ದಾರೆ, ಮೂರ್ತಿ ಸಾರ್ ಅದೃಷ್ಟ ಅಂದವರಿದ್ದಾರೆ, ಜಯಮ್ಮನ ಕೈಗುಣ ಅಂತ ನನ್ನನ್ನು ಹೊಗಳಿದವರೂ ಇದ್ದಾರೆ. ಮೂರೂ ಸುಳ್ಳು. ಅಲ್ಲೇ ಕೂತಿದ್ದವಳು ನಾನು, ಅದಕ್ಕೆ ಹೇಳುತ್ತಿದ್ದೇನೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಬಿಳಿ ಗೌನು, ತಲೆಗೆ ಟೋಪಿ, ಮೂಗಿಗೆ ಮಾಸ್ಕು ಹಾಕಿಕೊಂಡು, ಗಾಳಿ ಊದುವ ಬಾಗಿಲಿನಲ್ಲಿ ನಿಂತು ಆಮೇಲೆ ಒಳಗೆ ಹೋಗುತ್ತಾರಂತೆ. ಸಂತೋಷ. ನಾವು ಹೋಗುತ್ತಿದ್ದುದು ಜೆ.ಪಿ. ನಗರದಲ್ಲಿ ಮೂರ್ತಿ ಸಾರ್ ಮನೆಯ ಮಹಡಿಗೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಬೇಕು. ಮೆಟ್ಟಿಲ ಮೇಲೆ ಅವರ ಹೆಂಡತಿ ಒಣಹಾಕಿದ ಹಪ್ಪಳ ತುಳಿಯಬಾರದು. ಸ್ವಚ್ಛತೆಯ ನಿಯಮ ಅಂತ ಆಗ ಇದ್ದದ್ದು ಇವೆರಡೇ.

ಮೂರ್ತಿ ಸಾರ್ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಿಟ್ಟು ಬಂದವರು. ಕಿವಿ ಕೇಳದವರು ಕಿವಿಯ ಹಿಂದೆ ಇಟ್ಟುಕೊಳ್ಳುವ ಮೆಷಿನ್ನು ಮಾಡಿಸುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಗಂಡ ಹೋದ ಮೇಲೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಶರಟಿನ ಕಾಲರ್ ಹೊಲಿಯುತ್ತಿದ್ದೆ. ಅಲ್ಲಿ ಸೂಪರ್‌ವೈಸರ್ ಕೂಗಾಟ ಹೆಚ್ಚು. ಮೂರ್ತಿ ಸಾರ್ ಕೂಗುವುದಿಲ್ಲ ಅಂತ ಯಾರೋ ಹೇಳಿದರು, ಬಂದೆ. ನಿಜ, ಅವರು ಕೂಗುತ್ತಿರಲಿಲ್ಲ. ಸಿಟ್ಟು ಬಂದರೆ ಕೆಳಗಿಳಿದು ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಮಟಮಟ ಮಧ್ಯಾಹ್ನ ಗುಲಾಬಿ ಗಿಡದ ಬುಡದಲ್ಲಿ ನೀರಿನ ಸದ್ದು ಕೇಳಿದರೆ ಏನೋ ಕೆಡಿಸಿದ್ದೇವೆ ಅಂತ ನಮಗೆ ಗೊತ್ತಾಗುತ್ತಿತ್ತು.

ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಅವರು ಪರೀಕ್ಷೆ ಇಡುತ್ತಿದ್ದರು. ತಮ್ಮ ತಲೆಯಿಂದಲೇ ಎರಡು ಕೂದಲು ಕಿತ್ತು ಗಾಜಿನ ಮೇಲೆ ಇಡುವರು. ಚಿಮಟದಲ್ಲಿ ಒಂದನ್ನು ಹಿಡಿದು ಇನ್ನೊಂದರ ಮೇಲೆ ಅಡ್ಡ ಇಡಬೇಕು, ಕೈ ನಡುಗಬಾರದು. ಅವರ ತಲೆಯಲ್ಲಿ ಕೂದಲು ಇದ್ದದ್ದೇ ಅಷ್ಟಕ್ಕಷ್ಟೆ. ನನ್ನ ಪರೀಕ್ಷೆ ಮುಗಿದ ಮೇಲೆ, ನನಗಿಂತ ಮೊದಲೇ ಸೇರಿದ್ದ ಗೌರಿ ಮೆಲ್ಲಗೆ, "ಸಾರ್, ಇನ್ನು ಜನ ತಗೋಬೇಡಿ, ನಿಮ್ ತಲೆ ಖಾಲಿ ಆಗೋಗುತ್ತೆ" ಅಂದಳು. ಅವರು ನಕ್ಕರು. ನನ್ನ ನಂತರ ಸರೋಜ ಒಬ್ಬಳನ್ನು ತೆಗೆದುಕೊಂಡು ಅಲ್ಲಿಗೆ ನಿಲ್ಲಿಸಿದರು. ಮೈಕ್ರೋಸ್ಕೋಪಿನ ಬೆಂಚಿಗೆ ನಾವು ಮೂರೇ ಜನ.

ಆ ಬೆಂಚಿನಲ್ಲಿ ಕಲಿತದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಬಸ್ಸಿನಿಂದ ಇಳಿದ ತಕ್ಷಣ ಚಿಮಟ ಹಿಡಿಯಬೇಡಿ. ಹುಳಿಮಾವಿನಿಂದ ಬನ್ನೇರುಘಟ್ಟ ರಸ್ತೆಯಲ್ಲಿ ಕಂಬಿ ಹಿಡಿದು ನಿಂತು ಬಂದ ಕೈ, ಇಳಿದ ಮೇಲೂ ಬಸ್ಸಿನಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂರಿ. ಮಧ್ಯಾಹ್ನ ಮುದ್ದೆ ತಿಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನಿದ್ದೆ ಬರುತ್ತದೆ. ಮುದ್ದೆಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಸೀನು ಬಂದರೆ ಎದ್ದು ಹೋಗಿ ಸೀನಿ.

ಸರೋಜ ಒಮ್ಮೆ ಎದ್ದು ಹೋಗಲಿಲ್ಲ. ಅವಳು ಸೀನಿದ ರಭಸಕ್ಕೆ ಅವಳ ತಟ್ಟೆಯಲ್ಲಿದ್ದ ಚಿಪ್ ಹಾರಿಹೋಯಿತು. ಎಳ್ಳು ಕಾಳಿನಷ್ಟಿದ್ದ ಸಾಮಾನು. ನೆಲ ಗುಡಿಸಬೇಡಿ ಅಂದರು ಮೂರ್ತಿ ಸಾರ್. ನಾವು ಮೂವರೂ ಟಾರ್ಚು ಹಿಡಿದು ಮೊಣಕಾಲಲ್ಲಿ ತೆವಳಿದೆವು, ಅವರ ಹೆಂಡತಿಯೂ ಸೇರಿಕೊಂಡು ತೆವಳಿದರು. ಸಿಗಲಿಲ್ಲ. ಕೆಳಗೆ ಗುಲಾಬಿ ಗಿಡಕ್ಕೆ ನೀರು ಬಿತ್ತು. ಸಂಜೆ ಗೌರಿ ಮನೆಗೆ ಹೊರಡುವಾಗ ಅವಳ ಮುಡಿಯಲ್ಲಿದ್ದ ಕನಕಾಂಬರದ ದಂಡೆಯಲ್ಲಿ ಏನೋ ಮಿನುಗಿತು. ಬೆಳಗಿನಿಂದ ಆ ಚಿಪ್ಪನ್ನು ಅವಳೇ ಮುಡಿದುಕೊಂಡು ಹುಡುಕಿದ್ದಳು!

ನಾನು ಹೇಳಹೊರಟ ಇಲಿಯ ವಿಷಯ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಆ ಹೊತ್ತಿಗೆ ಕಿವಿಯ ಮೆಷಿನ್ನು ಹೊರದೇಶದಿಂದ ಸಿದ್ಧವಾಗಿಯೇ ಬರತೊಡಗಿತ್ತು. ನಮಗೆ ಕೆಲಸ ಕಡಿಮೆಯಾಗಿತ್ತು, ಕೆಳಗಿನ ಕೋಣೆಯಲ್ಲಿ ಬೇರೆ ಹುಡುಗಿಯರು ಚಾರ್ಜರ್ ಬೆಸುಗೆ ಹಾಕುತ್ತಿದ್ದರು. ಆಗ ಒಂದು ದಿನ ಶಿವಲೀಲಾ ಮೆಟ್ಟಿಲು ಹತ್ತಿ ಬಂದಳು. ಹುಬ್ಬಳ್ಳಿ ಕಡೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ಕೋಣೆ, ಇಲ್ಲೇ ಒಂದು ಲ್ಯಾಬಿನಲ್ಲಿ ಪ್ರೊಫೆಸರೊಬ್ಬರ ಕೈಕೆಳಗೆ ಸಂಶೋಧನೆ. ಕೈಯಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕದೊಂದು ಚಿಪ್.

"ಇದು ಕ್ಯಾಮೆರಾರೀ ಅಕ್ಕಾರ" ಅಂದಳು. "ಇದನ್ನ ಇಲಿ ತಲಿಯೊಳಗ ಇಡಬೇಕು."

"ಇಲಿ ಏನಮ್ಮ ಫೋಟೋ ತೆಗೆಯುತ್ತೆ?" ಅಂದೆ.

"ಇಲಿ ತೆಗಿಯೂದಿಲ್ರಿ. ಇಲಿ ಏನ್ ಮಾಡೂವಾಗ ಅದರ ಮಿದುಳಿನ್ಯಾಗ ಯಾವ ಜಾಗಾ ಕೆಲಸ ಮಾಡತೈತಿ ಅಂತ ನಾವ್ ನೋಡೂದು."

ಅವಳು ವಿವರಿಸಿದ್ದು ಹೀಗೆ. ಇಲಿಯ ಮಿದುಳಿಗೆ ಮೊದಲು ಒಂದು ಔಷಧಿ ಹಾಕಿರುತ್ತಾರೆ. ನೀಲಿ ಬೆಳಕು ಬಿಟ್ಟರೆ, ನರಗಳು ಕೆಲಸ ಮಾಡುತ್ತಿರುವ ಜಾಗ ಹಸಿರಾಗಿ ಹೊಳೆಯುತ್ತದೆ. ಚಿಪ್ ಆ ಹಸಿರನ್ನು ನೋಡಿ, ಎಳೆಯಷ್ಟು ಸಣ್ಣ ಪಟ್ಟಿಯ ಮೂಲಕ ಹೊರಗಿನ ಕಂಪ್ಯೂಟರಿಗೆ ಕಳಿಸುತ್ತದೆ. ಇಲಿ ತನ್ನ ಪಾಡಿಗೆ ಓಡಾಡಿಕೊಂಡು, ತಿಂದುಕೊಂಡು ಇರಬೇಕು. ಇದು ತಿಳಿಯಲು ಕಾಲೇಜು ಬೇಕಾಗಿಲ್ಲ. ನಮ್ಮ ಕೆಲಸ, ಜೇನು ಬಣ್ಣದ ಪಟ್ಟಿಯ ಮೇಲೆ ಆ ಚಿಪ್ ಕೂರಿಸಿ, ಪಕ್ಕದಲ್ಲಿ ಎರಡು ಪುಟಾಣಿ ನೀಲಿ ದೀಪ ಇಟ್ಟು, ಕೂದಲಿಗಿಂತ ತೆಳುವಾದ ಚಿನ್ನದ ತಂತಿಯಿಂದ ಬೆಸೆದು, ಮೇಲೆ ತಿಳಿ ಅಂಟು ಸುರಿದು ಮುಚ್ಚುವುದು. ಅಂಟು ಒಂದು ದಿನ ಪೂರ್ತಿ ಆರಿ ಗಾಜಿನಂತೆ ಗಟ್ಟಿಯಾಗಬೇಕು.

ಮೊದಮೊದಲು ಮಾಡಿದವೆಲ್ಲ ಕೆಟ್ಟವು. ಮಿದುಳು ಅಂದರೆ ಒದ್ದೆ ಜಾಗ, ಎಲ್ಲಿಂದಲೋ ನೀರು ಒಳಗೆ ಇಳಿಯುತ್ತಿತ್ತು. ಆಮೇಲೆ ಎರಡು ಸಲ ಅಂಟು ಹಾಕುವುದು ಕಲಿತೆವು. ಉಪ್ಪು ನೀರಿನ ಭರಣಿಯಲ್ಲಿ ಅದ್ದಿಟ್ಟು, ಕೆಡದೆ ಉಳಿದದ್ದನ್ನು ಮಾತ್ರ ಲ್ಯಾಬಿಗೆ ಕಳಿಸುವುದು ಕಲಿತೆವು. ನಮ್ಮ ಭರಣಿ ನೋಡಿ ಮೂರ್ತಿ ಸಾರ್ ಹೆಂಡತಿ, "ಕ್ಯಾಮೆರಾಗೆ ಉಪ್ಪಿನಕಾಯಿ ಹಾಕ್ತಿದೀರೇನ್ರೆ?" ಅಂತ ಕೇಳುತ್ತಿದ್ದರು.

ಲ್ಯಾಬಿಗೂ ಒಮ್ಮೆ ಹೋಗಿ ನೋಡಿದೆ. ಬಿಳಿ ಇಲಿ, ಮೈ ಬೆಣ್ಣೆಯ ಹಾಗೆ, ನೆತ್ತಿಯ ಮೇಲೆ ಜುಟ್ಟಿನಂತೆ ಒಂದು ಪ್ಲಗ್ಗು. ಶಿವಲೀಲಾ ಅದಕ್ಕೆ ಬಸಣ್ಣ ಅಂತ ಹೆಸರಿಟ್ಟಿದ್ದಳು. ಬಸಣ್ಣನಿಗೆ ಆಪರೇಷನ್ನಿಗೆ ಮೊದಲು ಅರಿವಳಿಕೆ, ಆಮೇಲೆ ನೋವಿನ ಔಷಧಿ, ಮೆತ್ತನೆಯ ಹಾಸು, ನೋಡಿಕೊಳ್ಳಲು ಡಾಕ್ಟರು. ನಮ್ಮ ಹುಳಿಮಾವಿನ ಮನೆಯಲ್ಲಿ ಇಲಿಗೆ ಬೋನು ಇಡುತ್ತಿದ್ದವಳು ನಾನು. ಹಾಗಂತ ಶಿವಲೀಲಾಗೆ ಹೇಳಿದೆ. "ಬಸಣ್ಣನ ಮುಂದ ಆ ಮಾತು ಆಡಬ್ಯಾಡ್ರಿ" ಅಂದಳು.

ಆ ವರ್ಷ ದಸರಾ ಹತ್ತಿರ ಬಂದಾಗ ಪ್ರೊಫೆಸರ್ ನಮ್ಮ ಮಹಡಿಗೇ ಬಂದರು. ಎತ್ತರದ ಮನುಷ್ಯ, ಬಾಗಿಲಿಗೆ ತಲೆ ತಗ್ಗಿಸಿ ಬಂದರು. ಈ ಕೆಲಸಕ್ಕೆ ಹಣ ಕೊಡುವ ಸಮಿತಿಯವರು ಹಬ್ಬ ಮುಗಿದ ಮೇಲೆ ನೋಡಲು ಬರುತ್ತಾರೆ, ಅವರಿಗೆ ಜೀವಂತ ಇಲಿಯ ಮಿದುಳಿನ ಚಿತ್ರ ತೋರಿಸಬೇಕು, ತೋರಿಸಲಾಗದಿದ್ದರೆ ಇಲ್ಲಿಗೆ ನಿಲ್ಲಿಸಿ ಅಂತಾರೆ, ಎಂದರು. ಅವರು ಹೋದ ಮೇಲೆ ಮೂರ್ತಿ ಸಾರ್ ನಮ್ಮ ಕಡೆ ತಿರುಗಿ, "ನಿಮ್ ಹತ್ರ ಮುಚ್ಚಿಡೋದು ಏನಿದೆ? ಇಲಿ ಕ್ಯಾಮೆರಾ ನಡೆದ್ರೆ ಈ ಬೆಂಚು ಇರುತ್ತೆ. ಇಲ್ದಿದ್ರೆ ಮಹಡಿ ಬಾಡಿಗೆಗೆ ಕೊಡ್ತೀನಿ" ಅಂದರು. ಗೌರಿ ಮುಖ ಸಪ್ಪೆ ಮಾಡಿಕೊಂಡಳು. ನಮ್ಮ ಮೂವರಲ್ಲಿ ಅವಳದೇ ಒಳ್ಳೆ ಕೈ, ಮತ್ತು ಆ ಕೆಲಸದ ಮೇಲೆ ಅವಳಿಗಿದ್ದ ಪ್ರೀತಿ ಅವಳ ಗಂಡನ ಮೇಲೂ ಇತ್ತೋ ಇಲ್ಲವೋ.

ಒಬ್ಬೊಬ್ಬರು ಒಂದೊಂದು ಮಾಡಿದೆವು. ಆಯುಧಪೂಜೆಯ ಹಿಂದಿನ ಸಂಜೆ ಕೊನೆಯ ಅಂಟು ಸುರಿದು, ತಟ್ಟೆಗಳ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ ಮನೆಗೆ ಹೋದೆವು. ಗೌರಿಯದು ಮುತ್ತಿನಂತೆ ನುಣ್ಣಗಿತ್ತು. ಸರೋಜಳದು ಪರವಾಗಿಲ್ಲ. ನನ್ನದರ ಅಂಟು ಒಂದು ಪಕ್ಕಕ್ಕೆ ಜರುಗಿ, ಹಲ್ಲುನೋವು ಬಂದವರ ಕೆನ್ನೆಯ ಹಾಗೆ ಊದಿಕೊಂಡಿತ್ತು.

ಆಯುಧಪೂಜೆ ನಮ್ಮಲ್ಲಿ ಜೋರು. ಅವರವರ ಜಾಗಕ್ಕೆ ಅವರವರೇ ಪೂಜೆ ಮಾಡಬೇಕು. ಮೈಕ್ರೋಸ್ಕೋಪಿಗೆ ಚೆಂಡುಹೂವಿನ ಹಾರ, ಚಿಮಟಕ್ಕೆ ಕುಂಕುಮ, ಅಂಟು ಕಾಯಿಸುವ ಓವನ್ನಿಗೆ ವಿಭೂತಿ, ಬಾಗಿಲಲ್ಲಿ ಬೂದುಗುಂಬಳಕಾಯಿ. ನನಗೆ ಇದರಲ್ಲಿ ಕೆಲಸವಿರಲಿಲ್ಲ. ಗಂಡ ಹೋದ ಮೇಲೆ ಅರಿಶಿನ ಕುಂಕುಮದ ತಟ್ಟೆ ನನ್ನ ತನಕ ಬಂದು, ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಹಾಗೆ ಮುಂದೆ ಹೋಗುತ್ತಿತ್ತು. ನಾನು ನನ್ನ ಜಾಗ ಒರೆಸಿ, ಗೋಡೆಗೆ ಒರಗಿ ನಿಂತು ಪ್ರಸಾದದ ಚರುಪಿಗೆ ಕಾಯುತ್ತಿದ್ದೆ. "ಯಾರಾದ್ರೂ ಜಯಮ್ಮನ ಜಾಗಕ್ಕೂ ಹಚ್ಚಿ" ಅಂತ ಮೂರ್ತಿ ಸಾರ್ ಹೇಳಿದರು. ಅಷ್ಟರಲ್ಲಿ ಕುಂಬಳಕಾಯಿ ಒಡೆಯಲು ಕರೆದರು. ಎಲ್ಲರೂ ಅತ್ತ ಓಡಿದರು, ಮರೆತರು.

ಗೌರಿ ಮಾತ್ರ ಓಡುವ ಮುನ್ನ ತನ್ನ ತಟ್ಟೆಯ ಬಟ್ಟಲು ಎತ್ತಿದಳು. "ಎಲ್ಲದಕ್ಕೂ ಹಚ್ಚಿ ಇದನ್ನ ಬಿಟ್ರೆ ಹೇಗೆ? ಇದೇ ಅಲ್ವಾ ನಮ್ಮ ಅನ್ನ" ಅಂತ ಕ್ಯಾಮೆರಾಕ್ಕೆ ಚಿಟಿಕೆ ಅರಿಶಿನ ಉದುರಿಸಿ ಕೈ ಮುಗಿದಳು. ಅವಳನ್ನು ನೋಡಿ ಸರೋಜಳೂ ಉದುರಿಸಿದಳು. ಅಂಟು ಇನ್ನೂ ಹಸಿಯಾಗಿತ್ತು. ಅದು ನಮಗೆ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ನೋಡುತ್ತಿದ್ದುದು ಚರುಪಿನ ಡಬರಿಯನ್ನು.

ಹಬ್ಬ ಮುಗಿದ ಮೇಲೆ ಶಿವಲೀಲಾ ಬಂದು ಮೂರನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಜೇನು ಬಣ್ಣದ ಪಟ್ಟಿಯ ಮೇಲೆ ಹಳದಿ ಪುಡಿ ಎಲ್ಲಿ ಕಾಣಬೇಕು? ಭರಣಿಯಲ್ಲಿ ಅದ್ದಿಡಲು ಸಮಯವಿಲ್ಲ, ಇರಲಿ ಅಂದಳು. ಗೌರಿಯದನ್ನು ಇಲಿಗೆ ಅಂತ ಆರಿಸಿಕೊಂಡಳು, ಉಳಿದೆರಡನ್ನು ಹೆಚ್ಚುವರಿಗೆ ಇಟ್ಟುಕೊಂಡಳು. ನನ್ನದರ ಊದಿದ ಕೆನ್ನೆ ನೋಡಿ, "ಜಯಮ್ಮಾರ, ಇದಕ್ಕ ಗದ್ದಕಟ್ಟು ಆಗೇತೇನ್ರಿ?" ಅಂದಳು.

ಮರುವಾರ ಲ್ಯಾಬಿನಿಂದ ಫೋನು. ನಮ್ಮನ್ನೆಲ್ಲ ಕರೆದರು. ಹೋಗಿ ನೋಡಿದರೆ ಬಸಣ್ಣ ತನ್ನ ಪೆಟ್ಟಿಗೆಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದಾನೆ, ಪರದೆಯ ಮೇಲೆ ಹಸಿರು ಹಚ್ಚಗೆ ಉರಿಯುತ್ತಿದೆ. ದೀಪಾವಳಿಯೇ ಸರಿ! ಪ್ರೊಫೆಸರ್ ಬೇರೆ ಕೋಣೆಯವರನ್ನೆಲ್ಲ ಕೂಗಿ ಕರೆದರು. ಮೂರ್ತಿ ಸಾರ್ ಜಯನಗರಕ್ಕೆ ಹೋಗಿ ಮೈಸೂರುಪಾಕು ತಂದರು. ಗೌರಿ ಕಣ್ಣು ಒರೆಸಿಕೊಂಡು, "ನಾನು ಹೇಳ್ಲಿಲ್ವಾ, ಪೂಜೆ ಮಾಡಿದ್ದಕ್ಕೇ ಹೀಗೆ ಹೊಳೀತಿರೋದು" ಅಂದಳು. ಅವಳು ಹೇಳಿದ್ದು ಪೂರ್ತಿ ನಿಜ ಅಂತ ಆಗ ಯಾರಿಗೂ ಗೊತ್ತಿಲ್ಲ.

ನಾವೆಲ್ಲ ಸಿಹಿ ತಿಂದೆವು. ಶಿವಲೀಲಾ ತಿನ್ನಲಿಲ್ಲ. ಬಸಣ್ಣ ತಿನ್ನುವಾಗಲೂ ಅಷ್ಟೇ ಬೆಳಕು, ಮಲಗಿದಾಗಲೂ ಅಷ್ಟೇ ಬೆಳಕು. ಮೀಸೆ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎರಡು ದಿನ ಅವಳು ಅದನ್ನೇ ನೋಡಿಕೊಂಡು ಕೂತಳಂತೆ. ಆಮೇಲೆ ಹೆಚ್ಚುವರಿ ಕ್ಯಾಮೆರಾಗಳನ್ನು ಹಿಡಿದುಕೊಂಡು ನಮ್ಮ ಮಹಡಿಗೆ ಬಂದಳು. ಒಂದು ಲೋಟ ಉಪ್ಪು ನೀರು ಕೇಳಿದಳು. ಸರೋಜ ಮಾಡಿದ್ದನ್ನು ಅದರಲ್ಲಿ ಅದ್ದಿ, ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಅದೇ ಹಸಿರು, ಅದೇ ದೀಪಾವಳಿ.

"ಏನ್ರೀ ಅಕ್ಕಾರ, ಜೆ.ಪಿ. ನಗರದಾಗ ನೀರಿಗೂ ಮಿದುಳು ಐತೇನ್ರಿ?" ಅಂದಳು.

ಸಮಿತಿಯವರು ಬರುವುದು ಹತ್ತಿರವಾಗಿತ್ತು. ಮೂರ್ತಿ ಸಾರ್ ಮೆಟ್ಟಿಲಿಳಿದು ಹೋದರು. ಕೆಳಗೆ ನೀರಿನ ಸದ್ದು ಕೇಳಿತು.

ಶಿವಲೀಲಾ ಕಿಟಕಿಗಳನ್ನು ಮುಚ್ಚಿಸಿ, ಪರದೆ ಎಳೆಸಿ, ಕೋಣೆ ಕತ್ತಲು ಮಾಡಿದಳು. ಬ್ಯಾಗಿನಿಂದ ಒಂದು ನೀಲಿ ದೀಪ ತೆಗೆದಳು. ನಮಗೆಲ್ಲ ಹಳದಿ ಗಾಜಿನ ಕನ್ನಡಕ ಕೊಟ್ಟಳು. "ಅಂಟಿನಾಗ ಏನೋ ಕೂಡೈತಿ. ಎಲ್ಲಿಂದ ಬಂತು ನೋಡೂಣು" ಅಂದು ದೀಪವನ್ನು ಬೆಂಚಿನ ಮೇಲೆ ಹಾಯಿಸಿದಳು. ಚಿಮಟದ ತುದಿ ಹೊಳೆಯಿತು. ಮೈಕ್ರೋಸ್ಕೋಪಿನ ತಿರುಪು ಹೊಳೆಯಿತು. ಓವನ್ನಿನ ಹಿಡಿ ಹೊಳೆಯಿತು. ಆಮೇಲೆ ಸರೋಜ ಕಿಟಾರನೆ ಕಿರುಚಿದಳು.

"ಗೌರಕ್ಕಾ, ನಿನ್ ಮುಖ!"

ಗೌರಿಯ ಎರಡು ಕೆನ್ನೆಯೂ ಚೆಂಡುಹೂವಿನ ಹಾಗೆ ಉರಿಯುತ್ತಿದ್ದವು. ಹತ್ತು ಬೆರಳೂ ಉರಿಯುತ್ತಿದ್ದವು. "ನನ್ ಮುಖ ಇರ್ಲಿ, ನಿನ್ ಕತ್ತು ನೋಡ್ಕೋ" ಅಂದಳು ಅವಳು. ಸರೋಜಳ ಕೊರಳಲ್ಲಿ ತಾಳಿ ಕಟ್ಟಿದ ಅರಿಶಿನದ ದಾರ ದೀಪದ ಸರದಂತೆ ಹೊಳೆಯುತ್ತಿತ್ತು.

"ಅರಿಶಿಣ!" ಅಂದಳು ಶಿವಲೀಲಾ. "ಅಯ್ಯ ಶಿವನ, ಅರಿಶಿಣರೀ ಇದು! ನೀಲಿ ಬೆಳಕಿಗೆ ಹೊಳಿಯೂದು ಅರಿಶಿಣ!" ಅವಳು ನಗತೊಡಗಿದಳು. ನಿಲ್ಲಿಸಲೇ ಇಲ್ಲ. ನಮಗೂ ಹತ್ತಿಕೊಂಡಿತು. ಕತ್ತಲಲ್ಲಿ ಹೊಳೆಯುವ ಬೆರಳುಗಳು ಹೊಟ್ಟೆ ಹಿಡಿದುಕೊಂಡು ಕುಣಿಯುತ್ತಿದ್ದವು. ಇಷ್ಟು ನಕ್ಕದ್ದು ನನಗೆ ಮತ್ತೆ ನೆನಪಿಲ್ಲ. ನಗು ನಿಂತ ಮೇಲೆ ಶಿವಲೀಲಾ ದೀಪವನ್ನು ಅತ್ತ ಇತ್ತ ತಿರುಗಿಸಿ ಕೇಳಿದಳು:

"ಜಯಮ್ಮಾರ, ನೀವ್ ಎಲ್ಲಿ ಅದೀರಿ?"

"ನಿನ್ ಪಕ್ಕದಲ್ಲೇ ಇದೀನಲ್ಲಮ್ಮ."

ದೀಪ ನನ್ನ ಮೇಲೆ ಬಿತ್ತು. ಮುಖವಿಲ್ಲ, ಕೈಯಿಲ್ಲ, ಏನೂ ಕಾಣಲಿಲ್ಲ. ನನ್ನ ಜಾಗವೂ ಕಪ್ಪಗಿತ್ತು. ಯಾಕೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಸುಮ್ಮನಿರುವುದು ನನಗೆ ಆಗುವುದಿಲ್ಲ. "ಆ ಗದ್ದಕಟ್ಟಿನದನ್ನ ಅದ್ದಿ ನೋಡಮ್ಮ" ಅಂದೆ. ಅದ್ದಿದಳು. ಪರದೆ ಕಪ್ಪಗೆ ಇತ್ತು. ಅಷ್ಟು ಚೆಂದದ ಕಪ್ಪನ್ನು ನಾನು ಕಂಡಿರಲಿಲ್ಲ.

ಗೌರಿಯದನ್ನು ಬಸಣ್ಣನ ತಲೆಯಿಂದ ಡಾಕ್ಟರು ಸುಸೂತ್ರವಾಗಿ ತೆಗೆದರು. ಮತ್ತೊಂದು ಇಲಿಗೆ, ಅದರ ಹೆಸರು ಚನ್ನಕ್ಕ, ನನ್ನ ವಕ್ರ ಕ್ಯಾಮೆರಾ ಕೂರಿಸಿದರು. ಸಮಿತಿಯವರು ಬಂದ ದಿನ ನಾವು ಮೂವರೂ ಲ್ಯಾಬಿನ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಪರದೆ ಕಪ್ಪಗೆ ಇತ್ತು. ಕೋಟು ಹಾಕಿದವರೊಬ್ಬರು ಗಡಿಯಾರ ನೋಡಿಕೊಂಡರು. ಗೌರಿ ನನ್ನ ಮೊಣಕೈ ಹಿಡಿದು ಹಿಸುಕುತ್ತಿದ್ದಳು. ಶಿವಲೀಲಾ ಹತ್ತಿಯ ಕಡ್ಡಿಯಿಂದ ಚನ್ನಕ್ಕನ ಮೀಸೆಯನ್ನು ಮೆಲ್ಲಗೆ ಸವರಿದಳು. ಕಪ್ಪಿನ ನಡುವೆ ಒಂದು ಮಿಣುಕು ಬಂತು, ಹೋಯಿತು. ಮತ್ತೆ ಸವರಿದಳು, ಮತ್ತೆ ಬಂತು. ಅರಿಶಿನದ ಮುಂದೆ ಅದು ಏನೇನೂ ಅಲ್ಲ, ಬೂದಿಯೊಳಗಿನ ಕೆಂಡದಷ್ಟು. ಆದರೆ ಮುಟ್ಟಿದರೆ ಬರುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಗಡಿಯಾರ ನೋಡಿದವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಮಾಡಮ್ಮ" ಅಂದರು. ಆಮೇಲೆ ತಾವೇ ಕಡ್ಡಿ ಇಸಿದುಕೊಂಡರು. ಪ್ರೊಫೆಸರ್ ಅಷ್ಟೆತ್ತರದ ಮನುಷ್ಯ, ಇಲಿ ಹೆದರೀತು ಅಂತ ಸದ್ದಿಲ್ಲದೆ ಚಪ್ಪಾಳೆ ಹೊಡೆದರು, ಎರಡು ಕೈಯೂ ಒಂದಕ್ಕೊಂದು ತಾಗದ ಹಾಗೆ. ಹಣ ಮುಂದುವರಿಯಿತು. ಬೆಂಚು ಉಳಿಯಿತು.

ಸಂಜೆ ಮಹಡಿಯಲ್ಲಿ ಮೂರ್ತಿ ಸಾರ್ ಎಲ್ಲರಿಗೂ ಮಸಾಲೆದೋಸೆ ತರಿಸಿದರು. ಶಿವಲೀಲಾ ತನ್ನ ನೀಲಿ ದೀಪವನ್ನು ನಮಗೇ ಬಿಟ್ಟು, ಅದರ ಜೊತೆ ಬೆರಳಿಗೆ ಹಾಕುವ ರಬ್ಬರ್ ಟೋಪಿಗಳ ಒಂದು ಪೊಟ್ಟಣವನ್ನೂ ಕೊಟ್ಟು ಹೋದಳು. ದೋಸೆ ತಿನ್ನುತ್ತಿರುವಾಗಲೇ ಮೂರ್ತಿ ಸಾರ್ ಮಾತು ತೆಗೆದರು.

"ಇನ್ಮೇಲೆ ಇಲಿ ಕ್ಯಾಮೆರಾ ಜಯಮ್ಮ ಒಬ್ರೇ ಮಾಡ್ತಾರೆ. ಗೌರಿ, ಸರೋಜ, ನೀವು ಕೆಳಗೆ ಚಾರ್ಜರ್ ಬೆಸುಗೆ ನೋಡ್ಕೊಳ್ಳಿ. ಬೇಕಾದ್ರೆ ಜಯಮ್ಮನ ಥರದವರನ್ನೇ ಇನ್ನಿಬ್ಬರನ್ನ ಹುಡುಕೋಣ. ಅರಿಶಿನದ ತಾಪತ್ರಯ ಇರಲ್ಲ."

"ನನ್ ಥರದವರು ಅಂದ್ರೆ?" ಅಂದೆ.

"ಅದೇಮ್ಮ..." ಅಂತ ಚಟ್ನಿಯ ಕಡೆ ನೋಡಿದರು.

ಗೌರಿ ತಟ್ಟೆ ಕೆಳಗಿಟ್ಟಳು. ಅರ್ಧ ದೋಸೆ ಹಾಗೇ ಇತ್ತು. ಮೂರ್ತಿ ಸಾರ್ ಕೆಟ್ಟವರಲ್ಲ. ಇಷ್ಟು ವರ್ಷ ನನ್ನನ್ನು ಗೋಡೆಗೆ ಒರಗಿಸಿದ ವಿಷಯ ಈಗ ಅವರ ಲೆಕ್ಕದಲ್ಲಿ ಅರ್ಹತೆಯಾಗಿತ್ತು, ಅಷ್ಟೇ. ಆದರೆ ನಾನು ಪಾಸಾದದ್ದು ಅವರ ತಲೆಯ ಎರಡು ಕೂದಲಿನಲ್ಲಿ, ನನ್ನ ಗಂಡನ ಸಾವಿನಲ್ಲಲ್ಲ. ಅಲ್ಲಿ ವಾದ ಮಾಡಲಿಲ್ಲ. ಗೌರಿಯ ಅರ್ಧ ದೋಸೆಯನ್ನು ಕಟ್ಟಿ ಅವಳ ಬ್ಯಾಗಿಗೆ ಹಾಕಿ, "ನಾಳೆ ಮೇಲಕ್ಕೇ ಬಾ" ಅಂದು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಒಗ್ಗರಣೆ ಡಬ್ಬಿಯಿಂದ ಅರಿಶಿನ ತೆಗೆದು ಮುಖಕ್ಕೆ, ಕತ್ತಿಗೆ, ಎರಡು ಕೈಗೂ ದಪ್ಪಗೆ ಬಳಿದುಕೊಂಡೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೀಟು ಬಿಟ್ಟು ಎದ್ದಳು, ಆರಾಮಾಗಿ ಕೂತುಕೊಂಡು ಬಂದೆ. ಮಹಡಿಯಲ್ಲಿ ಮೂರ್ತಿ ಸಾರ್ ಒಬ್ಬರೇ ಇದ್ದರು. ಪರದೆ ಎಳೆದು, ನೀಲಿ ದೀಪ ಹಾಕಿ, ಅವರ ಕೈಗೆ ಹಳದಿ ಕನ್ನಡಕ ಕೊಟ್ಟೆ. "ನೋಡಿ ಸಾರ್, ನಾನೂ ಹೊಳೀತೀನಿ. ಈಗ ಬೆಂಚಿನ ಮೇಲೆ ಯಾರನ್ನ ಕೂರಿಸ್ತೀರಾ?" ಅಂದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ನಾನು ನಲ್ಲಿಗೆ ಹೋಗಿ ಸೋಪಿನಲ್ಲಿ ಮೊಣಕೈವರೆಗೆ ತಿಕ್ಕಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಹತ್ತು ಬೆರಳಿಗೂ ರಬ್ಬರ್ ಟೋಪಿ ಹಾಕಿ ಮತ್ತೆ ದೀಪದ ಕೆಳಗೆ ಹಿಡಿದೆ. ಬೆರಳು ಕಪ್ಪು, ಮುಖ ಚೆಂಡುಹೂವು. ಬಾಗಿಲಲ್ಲಿ ಗೌರಿಯೂ ಸರೋಜಳೂ ಬಂದು ನಿಂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ನಗೋದು ಆಮೇಲೆ. ಕೈ ತೊಳ್ಕೊಂಡು ಬನ್ರೆ" ಅಂದೆ.

ಮೂರ್ತಿ ಸಾರ್ ಕನ್ನಡಕವನ್ನೂ ತೆಗೆಯದೆ ಮೆಟ್ಟಿಲಿಳಿದು ಹೋಗಿ ಗುಲಾಬಿ ಗಿಡಕ್ಕೆ ನೀರು ಹಾಕಿದರು. ನಾವು ಮೂವರೂ ಕೂತು ಕೆಲಸ ಶುರು ಮಾಡಿದೆವು.